ಕುದುರೆ ಸವಾರಿಯ ಸ್ಪರ್ಧೆಗಳೂ ನಮ್ಮ ಅಹಿಂಸಾಣುವ್ರತವೂ

(ಶ್ರೀ ಸಂಭವನಾಥ ಸ್ವಾಮಿಯ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಪೂರ್ವಭಾವಿಯಾಗಿ ಕೂಡಿದ ಶ್ರಾವಕ ಸಭೆಯಲ್ಲಿ ಮಾಡಿದ ಭಾಷಣ)

 

ಅಹಿಂಸಾಣುವ್ರತದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಶಾಸ್ತ್ರಜ್ಞನಲ್ಲ. ಎಸ್.ಎಸ್.ಎಲ್.ಸಿ.ಗೆ ಓದನ್ನು ಮುಗಿಸಿ, ಬ್ಯಾಡಗಿ ಪೇಟೆಯಲ್ಲಿ ತಂದೆಯವರ ಮೆಣಸಿನಕಾಯಿ ದಲಾಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು, ಇಂದಿಗೂ ಅಲ್ಲಿಯೇ ಕುಳಿತಿದ್ದೇನೆ. ಅಹಿಂಸೆಯ ಸೂಕ್ಷ್ಮಗಳನ್ನು ಹೇಳಲು ಪೂಜ್ಯರು ಇಲ್ಲಿಯೇ ಬಿಜಯಂಗೈದಿರುವಾಗ ನನ್ನಂಥವನು ಹೇಳುವುದೇನಿದೆ ಎಂದು ಹಿಂಜರಿದೆನು. ಆದರೆ ಕಳೆದ ವಾರ ಶಿಲ್ಪಿಗಳ ಶಾಲೆಗೆ ಹೋಗಿ ಹೊಸ ಬಿಂಬವನ್ನು ದರ್ಶನ ಮಾಡಿದಾಗ ಒಂದು ವಿಷಯವು ಮನಸ್ಸಿನಲ್ಲಿ ನೆಲೆಯಾಯಿತು. ನಮ್ಮ ಮೂಲನಾಯಕರು ಮೂರನೆಯ ತೀರ್ಥಂಕರರು. ಅವರ ಲಾಂಛನ ಕುದುರೆ. ಪೀಠದ ನಡುವೆ ಗೇಣುದ್ದದ ಒಂದು ಕುದುರೆಯನ್ನು ಶಿಲ್ಪಿಗಳು ಬಹಳ ಮುದ್ದಾಗಿ ಕಡೆದಿದ್ದಾರೆ. ಅದರ ಬೆನ್ನ ಮೇಲೆ ಜೀನಿಲ್ಲ, ಬಾಯಿಯಲ್ಲಿ ಕಡಿವಾಣವಿಲ್ಲ. ಇಂದಿನ ಸಭೆಯ ಕಾರ್ಯಸೂಚಿಯಲ್ಲಿಯೂ ಕುದುರೆಯ ಮಾತು ಬಂದಿದೆ. ಜನ್ಮಕಲ್ಯಾಣದ ಮೆರವಣಿಗೆಗೆ ಕುಣಿಯುವ ಕುದುರೆಗಳನ್ನು ಬಾಡಿಗೆಗೆ ತರಿಸಬೇಕೆಂಬ ಸೂಚನೆಯೊಂದು ನಮ್ಮ ಮುಂದಿದೆ. ಆದುದರಿಂದ ನಾನು ಕುದುರೆಯ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಸ್ವಲ್ಪ ದೂರದಿಂದ, ಪರದೇಶಗಳಿಂದ ಆರಂಭಿಸುತ್ತೇನೆ. ತಾವು ತಾಳ್ಮೆಯಿಂದ ಆಲಿಸಬೇಕು.

2008ನೆಯ ಇಸವಿಯ ಮಾತು. ಯಾರ್ಡಿನಲ್ಲಿ ಟೆಂಡರಿನ ಸಮಯ. ನನ್ನ ಪರಿಚಯದ ಖರೀದಿದಾರರೊಬ್ಬರು ಪತ್ರಿಕೆಯನ್ನು ಹಿಡಿದುಕೊಂಡು ಬಂದು, "ಸಾವುಕಾರ್ರ, ನಿಮ್ಮ ಮೆಣಸಿನಕಾಯಿ ಒಲಿಂಪಿಕ್ಕಿಗೆ ಹೋಗೇತಿ ನೋಡ್ರಿ" ಎಂದು ನಕ್ಕರು. ಆ ವರ್ಷದ ಬೀಜಿಂಗ್ ಒಲಿಂಪಿಕ್ ಕ್ರೀಡಾಕೂಟದ ಕುದುರೆ ಸವಾರಿಯ ಸ್ಪರ್ಧೆಗಳು ಹಾಂಗ್‌ಕಾಂಗ್ ನಗರದಲ್ಲಿ ನಡೆದಿದ್ದವು. ಜಿಗಿತದ ಸ್ಪರ್ಧೆಗೆ ಬಂದಿದ್ದ ನಾಲ್ಕು ಕುದುರೆಗಳ ಪರೀಕ್ಷೆಯಲ್ಲಿ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಕಂಡುಬಂದಿತೆಂದು ಅವುಗಳ ಸವಾರರನ್ನು ಅಂತಿಮ ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ನಾರ್ವೆ ದೇಶದ ತಂಡವು ಗೆದ್ದಿದ್ದ ಕಂಚಿನ ಪದಕವನ್ನು ಮುಂದೆ ಇದೇ ಕಾರಣದಿಂದ ಹಿಂದಕ್ಕೆ ಪಡೆಯಲಾಯಿತು. ಈ ಕ್ಯಾಪ್ಸೈಸಿನ್ ಎಂಬುದು ಬೇರೆ ಏನೂ ಅಲ್ಲ, ಮೆಣಸಿನಕಾಯಿಯ ಖಾರವೇ. ನಮ್ಮ ಬ್ಯಾಡಗಿ ಕಾಯಿಯಲ್ಲಿ ಅದು ಕಡಿಮೆ, ಬಣ್ಣ ಹೆಚ್ಚು. ಗುಂಟೂರಿನ ಕಾಯಿಯಲ್ಲಿ ಅದು ಹೆಚ್ಚು. ದರ ಕಟ್ಟುವಾಗ ನಾವು ದಿನವೂ ನೋಡುವ ಸಂಗತಿ ಇದು.

ಅದನ್ನು ಕುದುರೆಗೆ ಏಕೆ ಹಚ್ಚುತ್ತಾರೆ? ನೋವಿನ ಮುಲಾಮಿನಲ್ಲಿಯೂ ಈ ದ್ರವ್ಯವು ಇರುತ್ತದೆ; ಕುದುರೆಯ ಬೆನ್ನಿಗೆ ಅಂಥ ಮುಲಾಮು ತಿಕ್ಕಿದ್ದೆವೆಂದು ಸವಾರರಲ್ಲಿ ಕೆಲವರು ಹೇಳಿಕೊಂಡರು. ಅವರ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ ಇದನ್ನು ನಿಷಿದ್ಧ ದ್ರವ್ಯಗಳ ಪಟ್ಟಿಯಲ್ಲಿ ಸೇರಿಸಲು ಇನ್ನೊಂದು ಕಾರಣವಿದೆ. ಜಿಗಿತದ ಸ್ಪರ್ಧೆಯಲ್ಲಿ ಸುಮಾರು ಐದಡಿ ಎತ್ತರದ ತೊಲೆಗಳನ್ನು ಕುದುರೆಯು ದಾಟಬೇಕು. ತೊಲೆಯು ಬಟ್ಟಲಿನಂಥ ಸಣ್ಣ ಆಧಾರದ ಮೇಲೆ ಹಗುರವಾಗಿ ಕುಳಿತಿರುತ್ತದೆ. ಗೊರಸು ತಾಕಿ ಅದು ಬಿದ್ದರೆ ನಾಲ್ಕು ಅಂಕ ದಂಡ. ಕುದುರೆಯ ಮುಂಗಾಲಿಗೆ ಖಾರವನ್ನು ತಿಕ್ಕಿ ಚರ್ಮವನ್ನು ಉರಿಯುವಂತೆ ಮಾಡಿಬಿಟ್ಟರೆ, ತೊಲೆ ತಾಕಿದರೆ ಪ್ರಾಣ ಹೋದಂತಾಗುತ್ತದೆ; ಆ ಭಯದಿಂದ ಅದು ಕಾಲನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ನೋಡುವವರಿಗೆ ಅದು ಉತ್ಸಾಹದಂತೆ ಕಾಣುತ್ತದೆ.

ನಮ್ಮ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸಾಯಂಕಾಲ ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕುಳಿತಿರುವುದನ್ನು ನಾನು ಬಾಲ್ಯದಿಂದ ಕಂಡವನು. ಆ ಉರಿ ಏನೆಂಬುದನ್ನು ನನಗೆ ಯಾವ ವಿಜ್ಞಾನಿಯೂ ತಿಳಿಸಬೇಕಾಗಿಲ್ಲ. ಆ ದಿನ ನಾನೂ ಎಲ್ಲರ ಜೊತೆ ನಕ್ಕೆನು. ರಾತ್ರಿ ಊಟಕ್ಕೆ ಕುಳಿತಾಗ ನಗು ಬರಲಿಲ್ಲ. ಅಂದಿನಿಂದ ಈ ವಿಷಯ ಎಲ್ಲಿ ಕಂಡರೂ ಓದುತ್ತ ಬಂದಿದ್ದೇನೆ. ಇತ್ತೀಚೆಗೆ ಮಗನು ಮೊಬೈಲಿನಲ್ಲಿ ತೋರಿಸಿದ್ದನ್ನೂ ನೋಡಿದ್ದೇನೆ.

ಖಾರಕ್ಕಿಂತ ಹಳೆಯ ಉಪಾಯವೂ ಉಂಟು. ಕುದುರೆಯು ಅಭ್ಯಾಸದಲ್ಲಿ ತೊಲೆಯ ಮೇಲೆ ಹಾಯುತ್ತಿರುವಾಗಲೇ ಪಕ್ಕದಲ್ಲಿ ನಿಂತವರು ಕೋಲಿನಿಂದ ಅದರ ಕಾಲಿಗೆ ಬಡಿಯುವುದು. ಇನ್ನೂ ಎತ್ತರ ಹಾರಬೇಕಾಗಿತ್ತು ಎಂದು ಕುದುರೆ ತಿಳಿದುಕೊಳ್ಳುತ್ತದೆ. 1990ರಲ್ಲಿ ಜರ್ಮನಿಯ ಹೆಸರಾಂತ ತರಬೇತುದಾರರೊಬ್ಬರ ಲಾಯದಲ್ಲಿ ತೆಗೆದ ಇಂಥ ಚಿತ್ರವು ಹೊರಬಿದ್ದು ಆ ದೇಶದಲ್ಲಿ ದೊಡ್ಡ ಕೋಲಾಹಲವಾಯಿತು. ಇಂದು ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟದ ನಿಯಮಗಳಲ್ಲಿ ಇದಕ್ಕೆ ನಿಷೇಧವಿದೆ. ಆದರೆ ಸ್ಪರ್ಧೆಯು ನಡೆಯುವುದು ಸಾವಿರ ಕಣ್ಣುಗಳ ಮುಂದೆ. ತರಬೇತಿಯು ನಡೆಯುವುದು ಲಾಯದ ಗೋಡೆಗಳ ಹಿಂದೆ.

ಇನ್ನು ಡ್ರೆಸಾಜ್ ಎಂಬ ಸ್ಪರ್ಧೆಯ ವಿಷಯ. ನಮ್ಮ ಕಾರ್ಯಸೂಚಿಗೆ ಹತ್ತಿರವಾದದ್ದು ಇದೇ. ಇಲ್ಲಿ ಓಟವಿಲ್ಲ, ಜಿಗಿತವಿಲ್ಲ. ಕುದುರೆಯು ವಾದ್ಯದ ಲಯಕ್ಕೆ ಹೆಜ್ಜೆಯಿಡಬೇಕು, ಅಡ್ಡಡ್ಡ ನಡೆಯಬೇಕು, ನಿಂತ ನೆಲದಲ್ಲಿಯೇ ಕಾಲೆತ್ತಿ ಕಾಲಿಟ್ಟು ಕುಣಿದಂತೆ ಮಾಡಬೇಕು. ನೋಡಲು ಅತ್ಯಂತ ಸುಂದರವಾದ ವಿದ್ಯೆ. ಕುತ್ತಿಗೆಯು ಬಿಲ್ಲಿನಂತೆ ಬಾಗಿರಬೇಕು, ಬಾಯಿ ಮುಚ್ಚಿರಬೇಕು, ಸವಾರನು ಏನನ್ನೂ ಮಾಡದೆ ಕುಳಿತಂತೆ ಕಾಣಬೇಕು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ಸವಾರನೊಬ್ಬನು ನಾಲಿಗೆಯಿಂದ ಲೊಚಗುಟ್ಟಿ ಕುದುರೆಯನ್ನು ಹುರಿದುಂಬಿಸಿದನೆಂದು ತೀರ್ಪುಗಾರರು ಅವನನ್ನು ಕೊನೆಯ ಸ್ಥಾನಕ್ಕೆ ತಳ್ಳಿದರು. ಅಷ್ಟು ಕಟ್ಟುನಿಟ್ಟು! ಅವನಾದರೋ, ಅದು ಜೀನಿನ ಚರ್ಮವು ಕಿರುಗುಟ್ಟಿದ ಸದ್ದೆಂದು ಹೇಳಿಕೊಂಡನಂತೆ.

ಲೊಚಗುಟ್ಟಿದವನಿಗೆ ಇಷ್ಟು ಶಿಕ್ಷೆಯಾದರೆ, ಬಿಲ್ಲಿನಂತೆ ಬಾಗಿದ ಆ ಕುತ್ತಿಗೆಯು ಹೇಗೆ ಬಾಗಿತೆಂದು ಕೇಳಿದವರು ಬಹಳ ಕಾಲ ಇರಲಿಲ್ಲ. ರೋಲ್‌ಕುರ್ ಎಂಬ ಹೆಸರಿನ ಒಂದು ಪದ್ಧತಿಯಿದೆ. ಎರಡು ಲಗಾಮುಗಳನ್ನು ಬಿಗಿಯಾಗಿ ಎಳೆದು ಕುದುರೆಯ ಗದ್ದವು ತನ್ನ ಎದೆಗೆ ತಾಕುವಷ್ಟು ಕುತ್ತಿಗೆಯನ್ನು ಮಡಿಸಿ, ಹಾಗೆಯೇ ನಡೆಸುವುದು. ಕುದುರೆಗೆ ನಮ್ಮಂತೆ ಬಾಯಿಯಿಂದ ಉಸಿರಾಡಲು ಬರುವುದಿಲ್ಲ; ಅದು ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಕುತ್ತಿಗೆ ಮಡಿಸಿದರೆ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಮುಂದಿನ ದಾರಿಯೂ ಸರಿಯಾಗಿ ಕಾಣುವುದಿಲ್ಲ. 2009ರಲ್ಲಿ ಡೆನ್ಮಾರ್ಕಿನ ಒಂದು ಸ್ಪರ್ಧೆಯ ಅಭ್ಯಾಸದ ಅಂಗಳದಲ್ಲಿ ಹೀಗೆ ನಡೆಸಿದ ಕುದುರೆಯೊಂದರ ನಾಲಿಗೆ ನೀಲಿಗಟ್ಟಿ ಬಾಯಿಯಿಂದ ಹೊರಗೆ ಜೋಲುತ್ತಿದ್ದುದನ್ನು ಯಾರೋ ಚಿತ್ರೀಕರಿಸಿದರು. ಲೋಕವೆಲ್ಲ ಅದನ್ನು ನೋಡಿತು. 2010ರ ಫೆಬ್ರವರಿಯಲ್ಲಿ ಒಕ್ಕೂಟದವರು ಸಭೆ ಸೇರಿ, ಬಲಪ್ರಯೋಗದಿಂದ ಹೀಗೆ ಮಡಿಸುವುದು ಒಪ್ಪತಕ್ಕದ್ದಲ್ಲ, ಬಲವಿಲ್ಲದೆ ತಲೆಯನ್ನು ಕೆಳಗೆ ತರಿಸುವುದಾದರೆ ಅಡ್ಡಿಯಿಲ್ಲ ಎಂದು ತೀರ್ಮಾನಿಸಿದರು. ನಾನು ವ್ಯಾಪಾರಸ್ಥನು. ಬಲವೆಷ್ಟು ಎಂದು ತೂಗುವ ತಕ್ಕಡಿ ಯಾರ ಕೈಯಲ್ಲಿದೆ ಎಂದು ನನಗೆ ಕೂಡಲೆ ಅನುಮಾನ ಬಂದಿತು.

ಮೂಗುಪಟ್ಟಿಯ ಕಥೆಯೂ ಹೀಗೆಯೇ. ನೋವಿನಿಂದ ಕುದುರೆಯು ಬಾಯಿ ತೆರೆದರೆ ಅಂಕ ಹೋಗುತ್ತದೆಂದು ಮೂಗಿನ ಸುತ್ತ ಚರ್ಮದ ಪಟ್ಟಿಯನ್ನು ಬಿಗಿದುಬಿಡುವುದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕೆಂಬುದು ಹಳೆಯ ವಾಡಿಕೆ. ಯಾರ ಬೆರಳು, ಎಲ್ಲಿ ಅಳೆಯುವುದು ಎಂಬುದೇ ನಿಶ್ಚಯವಿರಲಿಲ್ಲ. 2025ರಲ್ಲಿ ಒಕ್ಕೂಟವು ಇದಕ್ಕೆ ಒಂದೇ ನಮೂನೆಯ ಅಳತೆಯ ಸಾಧನವನ್ನು ಜಾರಿಗೆ ತಂದಿತು. ಒಳ್ಳೆಯದಾಯಿತು, ಆದರೆ ಎಷ್ಟು ತಡವಾಗಿ!

ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ಎಂಬವರು ಈ ವಿದ್ಯೆಯಲ್ಲಿ ಮೂರು ಚಿನ್ನ ಸೇರಿ ಆರು ಒಲಿಂಪಿಕ್ ಪದಕಗಳನ್ನು ಗಳಿಸಿದವರು. 2024ರ ಜುಲೈ ತಿಂಗಳಲ್ಲಿ, ಪ್ಯಾರಿಸ್ ಕ್ರೀಡಾಕೂಟಕ್ಕೆ ಕೆಲವೇ ದಿನಗಳಿರುವಾಗ, ಹಿಂದೆ ಒಂದು ತರಬೇತಿಯಲ್ಲಿ ತೆಗೆದ ಅವರ ಚಿತ್ರವು ಬಯಲಾಯಿತು. ಶಿಷ್ಯೆಯು ಕುದುರೆಯ ಮೇಲಿದ್ದಾಳೆ. ಇವರು ನೆಲದ ಮೇಲೆ ನಿಂತು ಉದ್ದನೆಯ ಚಾವಟಿಯಿಂದ ಕುದುರೆಯ ಕಾಲಿಗೆ ಹೊಡೆಯುತ್ತಿದ್ದಾರೆ. ಒಂದು ನಿಮಿಷದಲ್ಲಿ 24ಕ್ಕೂ ಹೆಚ್ಚು ಏಟುಗಳೆಂದು ದೂರಿನವರು ಎಣಿಸಿ ಹೇಳಿದರು. ಅವರು ಕ್ಷಮೆ ಕೇಳಿ ಕ್ರೀಡಾಕೂಟದಿಂದ ತಾವೇ ಹಿಂದೆ ಸರಿದರು. ಒಂದು ವರ್ಷದ ನಿಷೇಧ ಮತ್ತು 10,000 ಸ್ವಿಸ್ ಫ್ರಾಂಕುಗಳ ದಂಡವಾಯಿತು. ನನ್ನನ್ನು ಕಾಡಿದುದು ಇದು: ಅವರು ಹೆಸರಾಗಿದ್ದುದು ಕುದುರೆಯನ್ನು ಸೌಮ್ಯವಾಗಿ ನಡೆಸುವವರೆಂದು.

ಅದಕ್ಕೂ ಮುಂಚೆ, 2021ರ ಆಗಸ್ಟಿನಲ್ಲಿ, ಟೋಕಿಯೋದಲ್ಲಿ ಇನ್ನೊಂದು ಪ್ರಸಂಗವು ಎಲ್ಲರ ಕಣ್ಣೆದುರಿಗೇ ನಡೆಯಿತು. ಪೆಂಟಾಥ್ಲಾನ್ ಎಂಬ ಐದು ವಿದ್ಯೆಗಳ ಸ್ಪರ್ಧೆಯಲ್ಲಿ ಕುದುರೆಯನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಸವಾರನಿಗೂ ಕುದುರೆಗೂ ಪರಿಚಯಕ್ಕೆ ಇಪ್ಪತ್ತೇ ನಿಮಿಷ. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಯುವತಿಗೆ ಸೇಂಟ್ ಬಾಯ್ ಎಂಬ ಕುದುರೆ ಬಂದಿತು. ಮೊದಲು ಮತ್ತೊಬ್ಬಳ ಕೈಯಲ್ಲಿ ಹಾರಲು ಒಪ್ಪದೆ ಬೆದರಿದ್ದ ಕುದುರೆ ಅದು. ಅದು ಹೆಜ್ಜೆಯಿಡಲೊಲ್ಲದು, ಇವಳು ಅಳುತ್ತ ಚಾವಟಿಯಿಂದ ಹೊಡೆಯುತ್ತಾಳೆ. ತರಬೇತುದಾರಳು ಬೇಲಿಯ ಆಚೆಯಿಂದ ಇನ್ನೂ ಹೊಡೆಯೆಂದು ಕೂಗುತ್ತ ತಾನೇ ಕುದುರೆಗೆ ಮುಷ್ಟಿಯಿಂದ ಗುದ್ದುತ್ತಾಳೆ. ಸವಾರಳು 31ನೆಯ ಸ್ಥಾನಕ್ಕೆ ಇಳಿದಳು. ತರಬೇತುದಾರಳನ್ನು ಕೂಟದಿಂದ ಹೊರಗೆ ಹಾಕಿದರು. ಕಡೆಗೆ ಆ ಸ್ಪರ್ಧೆಯಿಂದ ಕುದುರೆಯನ್ನೇ ತೆಗೆಯುವುದೆಂದು ನಿರ್ಣಯವಾಗಿ, 2024ರ ಪ್ಯಾರಿಸ್ ಕೂಟವೇ ಅದರ ಕೊನೆಯ ಸವಾರಿಯಾಯಿತು. ಆ ಹುಡುಗಿಯ ಮೇಲೆ ನನಗೆ ಕೋಪ ಬರುವುದಿಲ್ಲ. ಇಬ್ಬರೂ ಹೆದರಿದ್ದರು. ಚಾವಟಿ ಒಬ್ಬರ ಕೈಯಲ್ಲಿ ಮಾತ್ರ ಇತ್ತು.

ಇಷ್ಟು ಕೇಳಿ, ಕುದುರೆ ಸವಾರರೆಲ್ಲರೂ ಕ್ರೂರಿಗಳೆಂದು ತಾವು ತಿಳಿಯಬಾರದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರು ಟೋಕಿಯೋದಲ್ಲಿ ಮೂರು ಹಂತಗಳ ಸವಾರಿಯನ್ನು ಪೂರೈಸಿ 23ನೆಯವರಾದಾಗ ನಾವು ಹೆಮ್ಮೆಪಟ್ಟೆವು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಡ್ರೆಸಾಜಿನಲ್ಲಿ ನಮ್ಮ ದೇಶದ ತರುಣ ತರುಣಿಯರ ತಂಡವು ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರ ದೊರೆತ ಚಿನ್ನವದು. ಹೊಡೆಯದೆ ಕಲಿಸುವ ಮಾರ್ಗವೂ ಪುರಾತನವಾದದ್ದೇ. 2300 ವರ್ಷಗಳಿಗೂ ಹಿಂದೆ ಗ್ರೀಸ್ ದೇಶದ ಝೆನೊಫೋನ್ ಎಂಬ ಸೇನಾನಿಯು ಕುದುರೆ ಸವಾರಿಯ ಮೇಲೊಂದು ಗ್ರಂಥವನ್ನು ಬರೆದು, ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಕೂಡದೆಂದು ವಿಧಿಸಿದ್ದಾನೆ. ಇಂದಿನ ಪ್ರಾಣಿಶಾಸ್ತ್ರಜ್ಞರು ಅದಕ್ಕೆ ಕಾರಣವನ್ನೂ ಕೊಡುತ್ತಾರೆ. ಲಗಾಮಿನ ಒತ್ತಡದಿಂದ ಕುದುರೆಯು ಕಲಿಯುವುದಿಲ್ಲವಂತೆ. ತಾನು ಸರಿಯಾಗಿ ಮಾಡಿದ ಕ್ಷಣದಲ್ಲಿ ಆ ಒತ್ತಡವು ಸಡಿಲವಾದುದರಿಂದ ಕಲಿಯುತ್ತದೆ. ಸಡಿಲಿಸದೆ ಎಳೆದೇ ಇದ್ದರೆ, ಏನು ಮಾಡಿದರೂ ನೋವು ತಪ್ಪದೆಂದು ಅದು ಪ್ರಯತ್ನವನ್ನೇ ಬಿಟ್ಟು ನಿಂತುಬಿಡುತ್ತದೆ. ಆ ನಿಲುವನ್ನು ನೋಡಿ ನಾವು ಎಷ್ಟು ಸಾಧು ಕುದುರೆ ಎನ್ನುತ್ತೇವೆ. ಕುದುರೆಯು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ. ಹುಲಿ ತೋಳಗಳ ಬಾಯಿಗೆ ಬೀಳುತ್ತಿದ್ದ ಕುಲವಾದುದರಿಂದ ನೋವನ್ನು ಬಚ್ಚಿಡುವುದು ಅದರ ಸ್ವಭಾವ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಪರ್ಯುಷಣದಲ್ಲಿ, ಅಂದರೆ ನಮ್ಮ ದಶಲಕ್ಷಣ ಪರ್ವದಲ್ಲಿ, ನಾವು ಪ್ರತಿ ವರ್ಷ ಅದನ್ನು ಪಠಿಸುತ್ತೇವೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕೊಯ್ಯುವುದು, ಮಿತಿ ಮೀರಿ ಹೇರುವುದು, ಮೇವು ನೀರನ್ನು ತಡೆಯುವುದು. ಪ್ರಾಣ ತೆಗೆಯುವ ಮಾತು ಈ ಐದರಲ್ಲಿ ಇಲ್ಲ. ವಧವೆಂಬ ಶಬ್ದಕ್ಕೂ ಇಲ್ಲಿ ಕೊಲ್ಲುವುದೆಂದು ಅರ್ಥವಲ್ಲವೆಂದು, ಕೋಲು, ಚಾವಟಿ, ಬೆತ್ತ ಮೊದಲಾದವುಗಳಿಂದ ಹೊಡೆಯುವುದೆಂದೇ ಅರ್ಥವೆಂದು ನಮ್ಮ ಕನ್ನಡನಾಡಿನ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವುದನ್ನು ಪಂಡಿತರಿಂದ ಕೇಳಿ ತಿಳಿದೆನು. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ನಾವು, ಕೊಲ್ಲದಿದ್ದರೆ ಸಾಕೆಂದು ಎಷ್ಟೋ ಸಲ ತೃಪ್ತರಾಗಿಬಿಡುತ್ತೇವೆ.

ನನಗೆ ಆಶ್ಚರ್ಯವಾದ ಸಂಗತಿಯೊಂದನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯ್ದೆಯಾಯಿತು. ಪರಿಚಯದ ವಕೀಲರಿಂದ ಅದರ 11ನೆಯ ಕಲಮನ್ನು ಓದಿಸಿದೆನು. ಹೊಡೆಯುವುದು, ಅತಿಯಾಗಿ ಸವಾರಿ ಮಾಡುವುದು, ಅತಿಯಾಗಿ ಹೇರುವುದು, ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಅಂಗವನ್ನು ಊನಗೊಳಿಸುವುದು, ಆಹಾರ ನೀರನ್ನು ಕೊಡದಿರುವುದು ಎಲ್ಲವೂ ಅಲ್ಲಿವೆ. ಸೂತ್ರಕಾರರ ಐದೂ ಸರ್ಕಾರದ ಪುಸ್ತಕದಲ್ಲಿ ಬಂದು ಕುಳಿತಿವೆ! ದಂಡವನ್ನು ಕೇಳಿದರೆ ಮಾತ್ರ ತಾವು ನಗುತ್ತೀರಿ: ಮೊದಲ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಎಂದು ಆ ಕಾಯ್ದೆಯಲ್ಲಿ ಬರೆದರು.

ಹೊಟ್ಟೆಪಾಡಿಗಾಗಿ ನಡೆಯುವ ಉದ್ಯಮದಲ್ಲಿ ಗೃಹಸ್ಥನಿಗೆ ಸ್ವಲ್ಪ ಹಿಂಸೆ ತಪ್ಪದೆಂದು ಶಾಸ್ತ್ರವೇ ಒಪ್ಪುತ್ತದೆ. ಚಕ್ಕಡಿಯ ಎತ್ತು, ಟಾಂಗಾದ ಕುದುರೆ ಆ ಲೆಕ್ಕಕ್ಕೆ ಬರಬಹುದು. ಪದಕಕ್ಕಾಗಿ, ಕಣ್ಣಿನ ಸುಖಕ್ಕಾಗಿ ಬೀಳುವ ಏಟನ್ನು ಯಾವ ಖಾತೆಗೆ ಬರೆಯುವುದು? ನಾನು ಹೊಡೆದಿಲ್ಲ, ನೋಡಿದೆನಷ್ಟೆ ಎನ್ನುವ ಹಾಗೂ ಇಲ್ಲ. ಮಾಡುವುದು, ಮಾಡಿಸುವುದು, ಮೆಚ್ಚುವುದು ಮೂರೂ ಸಮವೆಂದು ಕೃತ, ಕಾರಿತ, ಅನುಮೋದನಗಳ ಲೆಕ್ಕವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಟಿಕೇಟು ಕೊಂಡು ಚಪ್ಪಾಳೆ ತಟ್ಟುವವನು ಮೂರನೆಯ ಮನೆಯಲ್ಲಿದ್ದಾನೆ. ಬಹುಮಾನ ಕೊಡುವವನು ಎರಡನೆಯ ಮನೆಯಲ್ಲಿದ್ದಾನೆ.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನು ಈ ಸಭೆಯ ಮುಂದೆ, ಪೂಜ್ಯರ ಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನನ್ನ ಅಕ್ಕನನ್ನು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದೆ. ಆ ಸೀಮೆಯ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ನಡೆಯುವುದು ತಮಗೆ ಗೊತ್ತಿದೆ. 2016ರ ಜಾತ್ರೆಗೆ ಹೋದಾಗ ಊರವರು ಕೇಳಿದರೆಂದು, ನಮ್ಮ ಅಂಗಡಿಯ ಹೆಸರಿನಲ್ಲಿ ಐದು ಸಾವಿರ ರೂಪಾಯಿಯನ್ನೂ ಒಂದು ಢಾಲನ್ನೂ ಬಹುಮಾನವಾಗಿ ಬರೆಯಿಸಿದೆನು. ಹೆಸರು ಬರುತ್ತದಲ್ಲ, ವ್ಯಾಪಾರಸ್ಥನಿಗೆ ಅದೂ ಒಂದು ಆಸೆ. ಡಾಂಬರು ರಸ್ತೆಯ ಮೇಲೆ ಗಾಡಿಗಳು ಬಂದವು. ಹಿಂದೆ ಮೋಟಾರ್ ಸೈಕಲ್ಲುಗಳ ಹಿಂಡು, ಹಾರ್ನು, ಕೇಕೆ. ಗೆದ್ದ ಕುದುರೆಯನ್ನು ವೇದಿಕೆಯ ಬಳಿಗೆ ತಂದರು. ಚೆಂಡುಹೂವಿನ ಮಾಲೆಯನ್ನು ಹಾಕಲು ನಾನು ಕೈಯೆತ್ತಿದೆನು. ಕುದುರೆಯು ತಲೆಯನ್ನು ಹಿಂದಕ್ಕೆ ಕಿತ್ತುಕೊಂಡಿತು. ಎತ್ತಿದ ಕೈಯೆಂದರೆ ಅದಕ್ಕೆ ತಿಳಿದಿದ್ದ ಅರ್ಥ ಒಂದೇ. ಆಗ ನೋಡಿದೆನು, ಹಿಂದೊಡೆಯ ಮೇಲೆ ಧೂಳಿನಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಗಾಡಿ ಹೊಡೆದವನ ಕೋಲಿನ ತುದಿಯಲ್ಲಿ ಒಂದು ಮೊಳೆ. ಅವನು ಅದನ್ನು ಮುಚ್ಚಿಡಲೂ ಇಲ್ಲ. ಮುಚ್ಚಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಏನು ಮಾಡಿದೆನು? ಮಾಲೆ ಹಾಕಿದೆನು, ಢಾಲು ಕೊಟ್ಟೆನು, ಫೋಟೋಕ್ಕೆ ನಿಂತೆನು. ಆ ಫೋಟೋ ಕೆಲವು ದಿನ ನಮ್ಮ ಅಂಗಡಿಯಲ್ಲಿಯೂ ತೂಗಿತ್ತು. ತೆಗೆದುಹಾಕಿದವಳು ನನ್ನ ಪತ್ನಿ. ಅದರಲ್ಲಿನ ಕುದುರೆಯ ಕಣ್ಣನ್ನು ನೋಡಿದ್ದೀರಾ ಎಂದು ಒಮ್ಮೆ ಕೇಳಿದಳು, ಅಷ್ಟೆ. ನಾನು ನೋಡಿರಲಿಲ್ಲ.

ಇನ್ನು ನಮ್ಮ ಮೆರವಣಿಗೆಯ ವಿಷಯ. ಮದುವೆಗಳಲ್ಲಿ, ಉತ್ಸವಗಳಲ್ಲಿ ಹಲಗೆಯ ಸದ್ದಿಗೆ ಕುಣಿಯುವ ಕುದುರೆಯನ್ನು ನಾವೆಲ್ಲ ಮೆಚ್ಚಿ ನೋಡಿದ್ದೇವೆ. ನಿಂತಲ್ಲಿಯೇ ಕಾಲೆತ್ತುವ ಆ ಕುಣಿತವೂ ಒಲಿಂಪಿಕ್ಕಿನ ಅಂಗಳದ ಆ ಹೆಜ್ಜೆಯೂ ಹೆಚ್ಚು ಕಡಿಮೆ ಒಂದೇ. ಕುದುರೆಯವರು ಬಡವರು, ಅವರೆಲ್ಲರೂ ಹೊಡೆದೇ ಕಲಿಸುತ್ತಾರೆಂದು ನಾನು ಹೇಳಲಾರೆ. ಆದರೆ ನಮ್ಮ ದೇಶದಲ್ಲಿ ಬಾಡಿಗೆಯ ಕುದುರೆಗಳ ಬಾಯಿಯಲ್ಲಿ ಮುಳ್ಳಿನ ಕಡಿವಾಣ ಸಿಕ್ಕಿರುವುದುಂಟು. ಕಬ್ಬಿಣದ ಸಲಾಕೆಯ ಮೇಲೆ ಮೊನಚಾದ ಹಲ್ಲುಗಳಿರುತ್ತವೆ. ಲಗಾಮು ಎಳೆದಾಗ ಅವು ನಾಲಿಗೆಗೂ ತುಟಿಗೂ ನಾಟುತ್ತವೆ. 1965ರ ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳ ನಿಯಮಗಳಲ್ಲಿ ಮುಳ್ಳಿನ ಕಡಿವಾಣಕ್ಕೂ ಮೊಳೆ ಬಡಿದ ಕೋಲಿಗೂ ಸ್ಪಷ್ಟವಾದ ನಿಷೇಧವಿದೆ. ಹೊರಗಿನಿಂದ ಅದು ಕಾಣುವುದಿಲ್ಲ. ಜರಿಯ ಮುಖವಾಡ, ಗೊಂಡೆ, ಗೆಜ್ಜೆಗಳು ಮಾತ್ರ ಕಾಣುತ್ತವೆ.

ಆದುದರಿಂದ ಸಮಿತಿಯಲ್ಲಿ ನನ್ನ ವಿಜ್ಞಾಪನೆ ಇಷ್ಟು. ಕುಣಿಯುವ ಕುದುರೆಗಳನ್ನು ಕರೆಸುವುದು ಬೇಡ. ಲಾಂಛನದ ಗೌರವಕ್ಕಾಗಿ ಒಂದು ಕುದುರೆ ಮೆರವಣಿಗೆಯಲ್ಲಿರಲೇಬೇಕೆಂದು ಹಿರಿಯರ ಇಚ್ಛೆಯಾದರೆ, ಅದು ಬೆನ್ನ ಮೇಲೆ ಯಾರನ್ನೂ ಹೊರದೆ, ಬರಿಯ ಹಗ್ಗದ ಮುಖವಾಡದಲ್ಲಿ, ವಾದ್ಯದಿಂದ ದೂರವಾಗಿ ಮುಂದೆ ನಡೆಯಲಿ. ಡಾಂಬರು ಕಾಯುವ ಮೊದಲೇ, ಬೆಳಿಗ್ಗೆ ಒಂಬತ್ತರೊಳಗೆ, ಅದರ ಕೆಲಸ ಮುಗಿಯಲಿ. ಕುದುರೆ ಬಂದ ಕೂಡಲೆ ಅದರ ಬಾಯಿಯನ್ನು ತೆರೆಸಿ ನೋಡುವ ಕೆಲಸವನ್ನು ನನಗೆ ಬಿಡಿ. ಪಶುವೈದ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬರುತ್ತೇನೆ. ಮುಳ್ಳು ಕಂಡರೆ ಆ ಕಡಿವಾಣವನ್ನು ಅಲ್ಲಿಯೇ ತೆಗೆಸಿ, ಹೊಸದಾದ ನುಣುಪು ಕಡಿವಾಣವನ್ನು ಕುದುರೆಯವನಿಗೆ ಕೊಟ್ಟು, ಮೇವು ನೀರು ಕೊಡಿಸಿ ಹಿಂದಕ್ಕೆ ಕಳುಹಿಸೋಣ. ಅವನ ಬಾಡಿಗೆಯಲ್ಲಿ ಒಂದು ಪೈಯನ್ನೂ ಮುರಿಯಬಾರದು. ಕುಣಿತದ ಕುದುರೆಗಳಿಗೆಂದು ಈಗಾಗಲೇ ಮುಂಗಡ ಕೊಟ್ಟಿದ್ದರೆ ಅದನ್ನೂ ಹಿಂದಕ್ಕೆ ಕೇಳುವುದು ಬೇಡ. ಆ ಬಾಬಿನ ಖರ್ಚೆಲ್ಲವನ್ನೂ ಖಜಾಂಚಿಗಳು ನನ್ನ ಹೆಸರಿಗೆ ಬರೆದುಕೊಳ್ಳಲಿ. 2016ರ ಐದು ಸಾವಿರದ ಲೆಕ್ಕ ನನ್ನಲ್ಲಿ ಇನ್ನೂ ಬಾಕಿಯಿದೆ.

ಜೈ ಜಿನೇಂದ್ರ.